ಸರಪಳಿ ಗರಗಸ: ಕೆಟ್ಟ ಪಿಸ್ಟನ್ ಮತ್ತು ಸಿಲಿಂಡರಿನ ದುರಸ್ತಿ

ಮಳೆಗಾಲದ ಆರಂಭದಲ್ಲಿಯೂ ಚಂಡಮಾರುತದ ದಿನಗಳಲ್ಲಿಯೂ ನಗರಗಳ ರಸ್ತೆಗಳಿಗೆ ಅಡ್ಡಲಾಗಿ ಮರಗಳು ಉರುಳುವುದು ನಮಗೆ ಹೊಸತಲ್ಲ. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತವು ಚೆನ್ನೈಗೆ ಅಪ್ಪಳಿಸಿದಾಗಲೂ, 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತವು ಮುಂಬಯಿಯ ಸಮೀಪದ ಕಡಲಿನಲ್ಲಿ ಸಾಗಿಹೋದಾಗಲೂ, ಬುಡಸಹಿತ ಬಿದ್ದ ಮರಗಳನ್ನು ತುಂಡರಿಸಿ ದಾರಿ ತೆರವು ಮಾಡುವುದೇ ಮೊದಲ ಕೆಲಸವಾಗಿತ್ತು. ಆಂಬುಲೆನ್ಸ್ ಸಾಗಬೇಕಾದರೂ, ತುಂಡಾದ ವಿದ್ಯುತ್ ತಂತಿಯನ್ನು ಜೋಡಿಸುವವರು ಬರಬೇಕಾದರೂ ಮೊದಲು ಮರ ಸರಿಯಬೇಕು. ಅಗ್ನಿಶಾಮಕ ದಳ, ನಗರಪಾಲಿಕೆಗಳ ಉದ್ಯಾನ ವಿಭಾಗ, 2006ರಲ್ಲಿ ರಚಿತವಾದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಇವರೆಲ್ಲರೂ ಇಂತಹ ವೇಳೆ ಕೈಗೆತ್ತಿಕೊಳ್ಳುವ ಸಾಧನ ಪೆಟ್ರೋಲಿನಿಂದ ನಡೆಯುವ ಸರಪಳಿ ಗರಗಸ, ಅಂದರೆ ಚೈನ್ ಸಾ.

ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ನೆರಳಿನ ಮರಗಳ ಕೊಂಬೆ ಇಳಿಸುವವರಿಗೂ, ಪಟ್ಟಣಗಳಲ್ಲಿ ಮರ ಕಡಿಯುವ ಗುತ್ತಿಗೆ ಹಿಡಿದು ಬದುಕುವ ಸಣ್ಣ ತಂಡಗಳಿಗೂ ಇದು ಅನ್ನ ನೀಡುವ ಯಂತ್ರ. ಅದು ಕೆಲಸದ ನಡುವೆ ಒಮ್ಮೆಲೇ ನಿಂತು, ಚಾಲೂ ಮಾಡುವ ಹಗ್ಗವನ್ನು ಎಳೆದರೂ ಅಲುಗದೆ ಹೋದರೆ ಮೆಕ್ಯಾನಿಕ್ ಹೇಳುವ ಮಾತು ಒಂದೇ: “ಎಂಜಿನ್ ಸೀಜ್ ಆಗಿದೆ, ಪಿಸ್ಟನ್ ಸಿಲಿಂಡರ್ ಎರಡೂ ಹಾಕಬೇಕು.” ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಪಿಸ್ಟನ್ನಿನ ಮೇಲೆ ಬಿದ್ದ ಗೀರು ಬೇರೆಲ್ಲೋ ಇರುವ ದೋಷದ ಗುರುತು. ಆ ದೋಷವನ್ನು ಕಂಡುಹಿಡಿಯದೆ ಹೊಸ ಬಿಡಿಭಾಗ ಕೂರಿಸಿದರೆ ಕೆಲವೇ ಗಂಟೆಗಳ ಕೆಲಸದಲ್ಲಿ ಅದೂ ಹಳೆಯದರ ಹಾದಿ ಹಿಡಿಯುತ್ತದೆ. ತೆತ್ತ ಹಣ ಎರಡನೆಯ ಬಾರಿಯೂ ನೀರುಪಾಲಾಗುತ್ತದೆ. ಆದುದರಿಂದ ದುರಸ್ತಿಯ ಕ್ರಮಕ್ಕಿಂತ ಮೊದಲು ಈ ಎಂಜಿನ್ ಏಕೆ ಸೀಜ್ ಆಗುತ್ತದೆ ಎಂಬುದನ್ನು ತಿಳಿಯುವುದು ಅವಶ್ಯಕ.

ಎಂಜಿನ್ನಿನ ಸ್ವಭಾವ

ಸರಪಳಿಗೆ ಹಲ್ಲು ಕಟ್ಟಿ ಕೊಯ್ಯುವ ಉಪಾಯ ಮೊದಲು ಬಳಕೆಗೆ ಬಂದದ್ದು ಮರದ ಮೇಲಲ್ಲ; ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ವೈದ್ಯರು ಮೂಳೆ ಕತ್ತರಿಸಲು ಕೈಯಿಂದ ಎಳೆಯುವ ಇಂತಹ ಪುಟ್ಟ ಗರಗಸವನ್ನು ಬಳಸುತ್ತಿದ್ದರು. ಮರ ಕೊಯ್ಯುವ ಮೋಟಾರು ಗರಗಸ ರೂಪುಗೊಂಡದ್ದು ಜರ್ಮನಿಯಲ್ಲಿ. 1926ರಲ್ಲಿ ಆಂಡ್ರಿಯಾಸ್ ಸ್ಟಿಲ್ ವಿದ್ಯುತ್ತಿನಿಂದ ನಡೆಯುವ ಗರಗಸವನ್ನೂ, 1927ರಲ್ಲಿ ಎಮಿಲ್ ಲೆರ್ಪ್ ಪೆಟ್ರೋಲ್ ಗರಗಸವನ್ನೂ ತಯಾರಿಸಿದರು. ಅವುಗಳನ್ನು ಎತ್ತಲು ಇಬ್ಬರು ಬೇಕಾಗುತ್ತಿದ್ದರು. ಇಂದು ಒಬ್ಬನೇ ಹಿಡಿದು ಯಾವ ಓರೆಯಲ್ಲಾದರೂ ಕೊಯ್ಯಬಹುದಾದಷ್ಟು ಹಗುರವಾದ ಗರಗಸಗಳಿವೆ. ಈ ಹಗುರತನ ಟೂ-ಸ್ಟ್ರೋಕ್ ಎಂಜಿನ್ನಿನ ಕೊಡುಗೆ. ಸೀಜ್ ಆಗುವ ಅಪಾಯವೂ ಅದರ ಜೊತೆಗೇ ಬಂದಿದೆ.

ಕಾರಿನ ಎಂಜಿನ್ನಿನಲ್ಲಿ ಎಣ್ಣೆಗೆ ಬೇರೆಯೇ ತೊಟ್ಟಿ ಇರುತ್ತದೆ. ಟೂ-ಸ್ಟ್ರೋಕ್ ಗರಗಸದಲ್ಲಿ ಅದಿಲ್ಲ. ಪಿಸ್ಟನ್ ಮೇಲೇರಿದಾಗ ಅದರ ಕೆಳಗಿನ ಕ್ರ್ಯಾಂಕ್ ಕೇಸಿನಲ್ಲಿ ನಿರ್ವಾತ ಉಂಟಾಗಿ, ಕಾರ್ಬ್ಯುರೇಟರಿನ ಮೂಲಕ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಕ್ಕೆ ಸೇರುತ್ತದೆ. ಪಿಸ್ಟನ್ ಕೆಳಗಿಳಿದಾಗ ಅದೇ ಮಿಶ್ರಣ ಅದುಮಲ್ಪಟ್ಟು ಪಕ್ಕದ ಕಿಂಡಿಗಳಿಂದ ಸಿಲಿಂಡರಿನ ಮೇಲ್ಭಾಗಕ್ಕೆ ನುಗ್ಗುತ್ತದೆ. ಹೀಗೆ ಕ್ರ್ಯಾಂಕ್ ಕೇಸ್ ಒಂದು ಪಂಪಿನಂತೆ ಕೆಲಸ ಮಾಡುವುದರಿಂದ ಅಲ್ಲಿ ಎಣ್ಣೆ ನಿಲ್ಲುವಂತಿಲ್ಲ. ಬೇರಿಂಗ್, ಪಿಸ್ಟನ್, ರಿಂಗುಗಳಿಗೆ ಬೇಕಾದ ಜಿಡ್ಡೆಲ್ಲವೂ ಪೆಟ್ರೋಲಿನಲ್ಲಿ ಕಲಸಿದ ಎಣ್ಣೆಯಿಂದಲೇ ದೊರೆಯಬೇಕು. ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗುತ್ತದೆ. ಕ್ರ್ಯಾಂಕ್ ಕೇಸಿಗೆ ಎಲ್ಲಿಂದಲಾದರೂ ಹೊರಗಾಳಿ ನುಸುಳಿದರೆ ಮಿಶ್ರಣ ತೆಳುವಾಗುತ್ತದೆ.

ತೆಳು ಮಿಶ್ರಣದ ಮೋಸವೆಂದರೆ, ಆಗ ಗರಗಸ ಎಂದಿಗಿಂತ ಚುರುಕಾಗಿ ಓಡುವಂತೆ ಕಾಣುತ್ತದೆ. ದನಿ ತೀಕ್ಷ್ಣವಾಗುತ್ತದೆ, ವೇಗ ಏರುತ್ತದೆ, ನಡೆಸುವವನು ಸಂತೋಷಪಡುತ್ತಾನೆ. ಇಂತಹ ಎಂಜಿನ್ ಪೂರ್ಣ ವೇಗದಲ್ಲಿ ನಿಮಿಷಕ್ಕೆ ಸುಮಾರು 12,000ದಿಂದ 14,000 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 200ಕ್ಕೂ ಹೆಚ್ಚು ಬಾರಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಆವಿಯಾಗುತ್ತಾ ತಂಪು ನೀಡಬೇಕಾದ ಪೆಟ್ರೋಲ್ ಕಡಿಮೆ, ಎಣ್ಣೆಯೂ ಕಡಿಮೆ. ಅಲ್ಯೂಮಿನಿಯಂ ಪಿಸ್ಟನ್ ಕಾದು ಹಿಗ್ಗಿ, ಸಿಲಿಂಡರಿನ ಗೋಡೆಗೂ ತನಗೂ ನಡುವೆ ಇರುವ ಕೂದಲೆಳೆಯಷ್ಟು ಅಂತರವನ್ನು ನುಂಗಿ, ಗೋಡೆಗೆ ಉಜ್ಜಿ ಅಂಟಿಕೊಳ್ಳುತ್ತದೆ. ಇದೇ ಸೀಜ್.

ಬಿಚ್ಚುವ ಮುನ್ನ ಮಾಡಬೇಕಾದ ಪರೀಕ್ಷೆ

ಎಂಜಿನ್ ನಿಂತೊಡನೆ ಎಲ್ಲವನ್ನೂ ಬಿಚ್ಚಿ ಮೇಜಿನ ಮೇಲೆ ಹರಡುವ ಅಭ್ಯಾಸ ನಮ್ಮ ಅನೇಕ ಕಾರ್ಯಾಗಾರಗಳಲ್ಲಿದೆ. ಇದು ಸರಿಯಲ್ಲ. ಸೋರಿಕೆಯ ಸಾಕ್ಷ್ಯ ಉಳಿದಿರುವುದು ಎಂಜಿನ್ ಜೋಡಿಸಿದ ಸ್ಥಿತಿಯಲ್ಲಿರುವಾಗ ಮಾತ್ರ.

ಮೊದಲು ಸೈಲೆನ್ಸರನ್ನು ಮಾತ್ರ ತೆಗೆಯಬೇಕು. ಹೊಗೆ ಹೊರಬೀಳುವ ಕಿಂಡಿಯಲ್ಲಿ ಟಾರ್ಚ್ ಬೆಳಕು ಬಿಟ್ಟು ಹಗ್ಗವನ್ನು ನಿಧಾನವಾಗಿ ಎಳೆದರೆ ಪಿಸ್ಟನ್ನಿನ ಪಕ್ಕವೂ ರಿಂಗುಗಳೂ ಕಣ್ಣಿಗೆ ಬೀಳುತ್ತವೆ. ನುಣುಪಾಗಿ ಹೊಳೆಯುವ ಪಿಸ್ಟನ್ ಆರೋಗ್ಯದ ಲಕ್ಷಣ. ಮೇಲಿನಿಂದ ಕೆಳಕ್ಕೆ ಉದ್ದುದ್ದ ಗೀರುಗಳಿದ್ದರೆ ಸಂಶಯಕ್ಕೆ ಎಡೆಯಿಲ್ಲ. ಎಂಜಿನ್ ಇನ್ನೂ ತಿರುಗುತ್ತಿದ್ದರೆ ಸ್ಪಾರ್ಕ್ ಪ್ಲಗ್ಗಿನ ಜಾಗದಲ್ಲಿ ಒತ್ತಡಮಾಪಕ ಕೂರಿಸಿ ಕಂಪ್ರೆಶನ್ ನೋಡಬಹುದು. ಚದರ ಅಂಗುಲಕ್ಕೆ 150 ಪೌಂಡಿನ ಆಸುಪಾಸು ಇದ್ದರೆ ಚೆನ್ನ. 100ಕ್ಕಿಂತ ಕೆಳಗಿದ್ದರೆ ಗರಗಸ ಬಿಸಿಯಾದ ಮೇಲೆ ಚಾಲೂ ಆಗುವುದೇ ಕಷ್ಟ.

ಅನಂತರ ಸೋರಿಕೆಯ ಪರೀಕ್ಷೆ. ಸೈಲೆನ್ಸರ್ ಇದ್ದ ಕಿಂಡಿಯನ್ನೂ ಕಾರ್ಬ್ಯುರೇಟರ್ ಕೂರುವ ಬಾಯಿಯನ್ನೂ ರಬ್ಬರ್ ತುಂಡಿನಿಂದ ಭದ್ರವಾಗಿ ಮುಚ್ಚಬೇಕು. ಹಳೆಯ ಸೈಕಲ್ ಟ್ಯೂಬಿನ ತುಂಡು ಈ ಕೆಲಸಕ್ಕೆ ಸೊಗಸಾಗಿ ಒದಗುತ್ತದೆ. ಕೈಪಂಪಿನಿಂದ ಚದರ ಅಂಗುಲಕ್ಕೆ ಸುಮಾರು 7 ಪೌಂಡ್ ಒತ್ತಡ ತುಂಬಿ ನಿಲ್ಲಿಸಿದಾಗ ಮುಳ್ಳು ಇಳಿಯಕೂಡದು. ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕಬೇಕು. ಒತ್ತಡದಲ್ಲಿ ಸೋರದ ಆಯಿಲ್ ಸೀಲ್ ಎಷ್ಟೋ ವೇಳೆ ನಿರ್ವಾತದಲ್ಲಿ ಗಾಳಿ ಹೀರುವುದುಂಟು. ಆದುದರಿಂದ ಗಾಳಿಯನ್ನು ಹೊರಗೆಳೆದೂ ಪರೀಕ್ಷಿಸಬೇಕು. ಗಾಳಿ ನುಸುಳುವ ಜಾಗಗಳು ಸಾಮಾನ್ಯವಾಗಿ ಗೊತ್ತಿರುವಂಥವೇ: ಕ್ರ್ಯಾಂಕಿನ ಎರಡು ತುದಿಗಳ ಆಯಿಲ್ ಸೀಲುಗಳು, ಕಾರ್ಬ್ಯುರೇಟರ್ ಮತ್ತು ಸಿಲಿಂಡರಿನ ನಡುವಿನ ರಬ್ಬರ್ ಕೊಳವೆಯಲ್ಲಿ ಬಿದ್ದ ಸೀಳು, ಸಿಲಿಂಡರಿನ ಬುಡದ ಗ್ಯಾಸ್ಕೆಟ್. ತೊಟ್ಟಿಯೊಳಗಿನ ಪೆಟ್ರೋಲ್ ಫಿಲ್ಟರ್ ಕಟ್ಟಿಕೊಂಡಿದ್ದರೂ, ಪೆಟ್ರೋಲಿನ ನಳಿಕೆ ಬಿರಿದಿದ್ದರೂ ಮಿಶ್ರಣ ತೆಳುವಾಗುವುದರಿಂದ ಅವನ್ನೂ ಈ ಹಂತದಲ್ಲಿಯೇ ನೋಡಿಬಿಡಬೇಕು.

ಪಿಸ್ಟನ್ನಿನ ಮೇಲಿನ ಗುರುತುಗಳು

ಸಿಲಿಂಡರನ್ನು ಎತ್ತಿ ಪಿಸ್ಟನ್ನನ್ನು ಹೊರತೆಗೆದ ಮೇಲೆ ಅದನ್ನು ಒರೆಸಿ ಬಿಸಾಡದೆ, ಹಗಲು ಬೆಳಕಿನಲ್ಲಿ ತಿರುಗಿಸಿ ನೋಡುವ ತಾಳ್ಮೆ ಇರಬೇಕು. ಗೀರು ಯಾವ ಪಕ್ಕದಲ್ಲಿದೆ, ಯಾವ ಎತ್ತರದಲ್ಲಿದೆ, ಯಾವ ಬಣ್ಣದ್ದಾಗಿದೆ ಎಂಬ ಮೂರು ವಿಷಯಗಳಿಂದ ಬಹುಪಾಲು ಕಾರಣ ಹೊರಬೀಳುತ್ತದೆ.

ಹೊಗೆಕಿಂಡಿಯ ಕಡೆಯ ಪಕ್ಕದಲ್ಲಿ ಮಾತ್ರ ಗೀರುಗಳಿದ್ದು ಉಳಿದ ಪಕ್ಕಗಳು ನುಣುಪಾಗಿದ್ದರೆ ಅದು ಅತಿಯಾದ ಶಾಖದ ಫಲ. ಸಿಲಿಂಡರಿನ ಅತ್ಯಂತ ಬಿಸಿ ಭಾಗ ಅದೇ ಆದುದರಿಂದ ಎಣ್ಣೆಯ ತೆಳುಪದರ ಮೊದಲು ಹರಿಯುವುದು ಅಲ್ಲಿಯೇ. ತೆಳು ಮಿಶ್ರಣ, ಗಾಳಿಯ ಸೋರಿಕೆ, ಮರದ ಹೊಟ್ಟು ತುಂಬಿ ಮುಚ್ಚಿಹೋದ ತಂಪುರೆಕ್ಕೆಗಳು, ಇವುಗಳಲ್ಲಿ ಒಂದು ಕಾರಣವಿರಬೇಕು. ಮೊಂಡು ಸರಪಳಿಯನ್ನು ಒತ್ತಿ ಒತ್ತಿ ಕೊಯ್ಯಿಸುವುದೂ ಎಂಜಿನ್ನಿಗೆ ಇದೇ ಶಿಕ್ಷೆ.

ಪಿಸ್ಟನ್ನಿನ ಸುತ್ತಲೂ, ಕಾರ್ಬ್ಯುರೇಟರಿನ ಪಕ್ಕವೂ ಸೇರಿದಂತೆ, ಆಳವಾದ ಗೀರುಗಳಿದ್ದು ರಿಂಗುಗಳು ತಮ್ಮ ಗಾಡಿಯಲ್ಲಿ ಅಂಟಿಕೊಂಡಿದ್ದರೆ ಪೆಟ್ರೋಲಿನಲ್ಲಿ ಎಣ್ಣೆ ಇರಲಿಲ್ಲವೆಂದೇ ತಿಳಿಯಬೇಕು. ಬೈಕಿಗೆಂದು ತಂದ ಬರಿಯ ಪೆಟ್ರೋಲನ್ನು ಅವಸರದಲ್ಲಿ ಗರಗಸಕ್ಕೆ ಸುರಿದಾಗ ಆಗುವುದು ಹೀಗೆ. ಗರಗಸಕ್ಕೆ ಎರಡು ಮುಚ್ಚಳಗಳಿರುವುದೂ ಗೊಂದಲಕ್ಕೆ ಕಾರಣ: ಒಂದು ಎಂಜಿನ್ನಿನ ಇಂಧನಕ್ಕೆ, ಇನ್ನೊಂದು ಸರಪಳಿಗೆ ಜಿಡ್ಡು ನೀಡುವ ಎಣ್ಣೆಗೆ. ಎರಡನೆಯದರಲ್ಲಿ ಎಣ್ಣೆ ತುಂಬಿದ್ದೇನೆ, ಎಂಜಿನ್ನಿಗೆ ಅದೇ ಸಾಕು ಎಂದು ಭಾವಿಸುವ ಹೊಸ ಕೆಲಸಗಾರರು ಇಂದಿಗೂ ಸಿಗುತ್ತಾರೆ. ಗರಗಸದ ಮೇಲೆ ಬಣ್ಣದಲ್ಲಿ ಗುರುತು ಬರೆದಿಡುವುದು ಬಡ ಉಪಾಯವಾದರೂ ಫಲಕಾರಿ.

ಕಾರ್ಬ್ಯುರೇಟರಿನ ಪಕ್ಕ ಮಾತ್ರ ಸವೆದು, ಗೀರುಗಳ ಬದಲಾಗಿ ಬೂದು ಬಣ್ಣದ ಮಂಕು ಮೇಲ್ಮೈ ಕಂಡರೆ ಅದು ಧೂಳಿನ ಕೆಲಸ. ಹರಿದ ಏರ್ ಫಿಲ್ಟರ್, ಅಥವಾ ಸರಿಯಾಗಿ ಕೂರದ ಫಿಲ್ಟರಿನ ಅಂಚಿನಿಂದ ಒಳಸೇರಿದ ಸಣ್ಣ ಹೊಟ್ಟು ಮತ್ತು ಮಣ್ಣು ಅರಗಾಗದದಂತೆ ಲೋಹವನ್ನು ತಿನ್ನುತ್ತವೆ. ಇಂತಹ ಎಂಜಿನ್ ಸೀಜ್ ಆಗದೆ ದಿನೇ ದಿನೇ ಶಕ್ತಿಗುಂದುತ್ತದೆ. ಪಿಸ್ಟನ್ನಿನ ತಲೆಯ ಅಂಚಿನಲ್ಲಿ ಇಲಿ ಕಡಿದಂತಹ ಸಣ್ಣ ಕುಳಿಗಳಿದ್ದರೆ ಇಂಧನ ಅಕಾಲದಲ್ಲಿ ಸಿಡಿದಿದೆ. ಕೀಳು ಪೆಟ್ರೋಲ್, ತಪ್ಪು ಸ್ಪಾರ್ಕ್ ಪ್ಲಗ್, ಅತಿ ಶಾಖ ಇವು ಅದಕ್ಕೆ ಕಾರಣ. ಒಂದೇ ಒಂದು ಆಳವಾದ ಗೀರು ಇದ್ದರೆ ಕಿಂಡಿಯಿಂದ ಕಳಚಿದ ಮಸಿಯ ಗಡ್ಡೆಯನ್ನೋ, ಸ್ಥಾನ ತಪ್ಪಿದ ಲಾಕನ್ನೋ, ಮುರಿದ ರಿಂಗನ್ನೋ ಹುಡುಕಬೇಕು.

ಸಿಲಿಂಡರನ್ನು ಉಳಿಸಬಹುದೇ?

ಟೂ-ಸ್ಟ್ರೋಕ್ ಎಂದೊಡನೆ ನಮ್ಮ ಹಿರಿಯ ಮೆಕ್ಯಾನಿಕ್‌ಗಳಿಗೆ ನೆನಪಾಗುವುದು ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳು. ಅವುಗಳ ಸಿಲಿಂಡರ್ ಎರಕದ ಕಬ್ಬಿಣದ್ದು. ಸವೆದರೆ ಲೇತಿನವನ ಬಳಿ ಒಯ್ದು ರಿಬೋರ್ ಮಾಡಿಸಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಿದರಾಯಿತು. ಗರಗಸದಲ್ಲಿ ಈ ದಾರಿ ಮುಚ್ಚಿದೆ. ಅದರ ಸಿಲಿಂಡರ್ ಪೂರ್ತಿ ಅಲ್ಯೂಮಿನಿಯಂ. ಒಳಗೋಡೆಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ, ಅಥವಾ ಕ್ರೋಮಿಯಂನ ಅತಿ ಗಟ್ಟಿ ಲೇಪನ ಮಾತ್ರವಿರುತ್ತದೆ. ರಿಬೋರ್ ಮಾಡಿದರೆ ಲೇಪನವೇ ಹಾರಿಹೋಗಿ ಮೆತ್ತನೆಯ ಲೋಹ ಬಯಲಾಗುತ್ತದೆ. ಅಂತಹ ಸಿಲಿಂಡರ್ ತೂಕಕ್ಕೆ ಹಾಕಲು ಮಾತ್ರ ಯೋಗ್ಯ.

ಆದರೆ ಈ ಗಟ್ಟಿ ಲೇಪನವೇ ಒಂದು ಅನುಕೂಲವನ್ನೂ ಒದಗಿಸಿದೆ. ಸೀಜ್ ಆದಾಗ ಹೆಚ್ಚಾಗಿ ಹರಿದುಹೋಗುವುದು ಮೆತ್ತನೆಯ ಪಿಸ್ಟನ್. ಅದರ ಅಲ್ಯೂಮಿನಿಯಂ ಗೋಡೆಗೆ ಮೆತ್ತಿಕೊಂಡಿರುತ್ತದೆ. ನೋಡುವವರಿಗೆ ಸಿಲಿಂಡರ್ ಗೀರಿದಂತೆ ಕಂಡರೂ ಲೇಪನ ಕೆಳಗೆ ಸುರಕ್ಷಿತವಾಗಿರಬಹುದು. ಉಗುರನ್ನು ಅಡ್ಡಲಾಗಿ ಎಳೆದು ನೋಡಿದಾಗ ಉಬ್ಬು ತಾಗಿದರೆ ಅದು ಮೆತ್ತಿದ ಲೋಹ, ಉಗುರು ಕೆಳಗಿಳಿದು ಸಿಕ್ಕಿಕೊಂಡರೆ ಲೇಪನ ಹರಿದಿದೆ. ಕಿಂಡಿಗಳ ಅಂಚಿನಲ್ಲಿ ಲೇಪನ ಚಕ್ಕೆ ಎದ್ದಿದ್ದರೆ ಉಳಿಸುವ ಪ್ರಯತ್ನ ಬೇಡ.

ಮೆತ್ತಿದ ಅಲ್ಯೂಮಿನಿಯಂ ತೆಗೆಯಲು ಲೇಪನ ನಿಕ್ಕಲಿನದಾದರೆ ಹೈಡ್ರೋಕ್ಲೋರಿಕ್ ಆಮ್ಲ ಬಳಸುವ ರೂಢಿಯಿದೆ. ಕಡ್ಡಿಗೆ ಹತ್ತಿ ಸುತ್ತಿ, ಆಮ್ಲದಲ್ಲಿ ತುಸುವೇ ಅದ್ದಿ, ಮೆತ್ತಿದ ಜಾಗಕ್ಕೆ ಮಾತ್ರ ತಾಗಿಸಬೇಕು. ನೊರೆ ಏಳುವವರೆಗೆ ಅಲ್ಯೂಮಿನಿಯಂ ಕರಗುತ್ತಿದೆ ಎಂದರ್ಥ. ನೊರೆ ನಿಂತೊಡನೆ ಒರೆಸಿ, ನೀರಿನಿಂದಲೂ ಅಡುಗೆ ಸೋಡಾದ ದ್ರಾವಣದಿಂದಲೂ ತೊಳೆಯಬೇಕು. ಆಮ್ಲ ಕಿಂಡಿಗಳ ಒಳಕ್ಕಾಗಲಿ, ಲೇಪನವಿಲ್ಲದ ಭಾಗಕ್ಕಾಗಲಿ ಹರಿದರೆ ಸಿಲಿಂಡರನ್ನೇ ತಿನ್ನುತ್ತದೆ. ಕ್ರೋಮಿಯಂ ಲೇಪನಕ್ಕೆ ಈ ಆಮ್ಲ ಶತ್ರು. ಅಲ್ಲಿ ಕಾಸ್ಟಿಕ್ ಸೋಡಾದ ದ್ರಾವಣವನ್ನು ಇದೇ ಎಚ್ಚರಿಕೆಯಿಂದ ಬಳಸಬೇಕು. ಲೇಪನ ಯಾವುದೆಂದು ತಿಳಿಯದಿದ್ದಾಗಲೂ ಕಾಸ್ಟಿಕ್ ಸೋಡಾವೇ ಲೇಸು. ಎರಡೂ ಕಣ್ಣು ಮತ್ತು ಚರ್ಮವನ್ನು ಸುಡುವಂಥವು. ಎರಡರಿಂದಲೂ ಹೊರಡುವ ಜಲಜನಕ ಹತ್ತಿ ಉರಿಯುವಂಥದ್ದು. ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ, ಕನ್ನಡಕ ಮತ್ತು ರಬ್ಬರ್ ಕೈಗವಸು ಧರಿಸಿಯೇ ಈ ಕೆಲಸ ಮಾಡತಕ್ಕದ್ದು. ಕೊನೆಗೆ ನಯವಾದ ಎಮರಿ ಕಾಗದದಿಂದ ಗೋಡೆಯನ್ನು ಓರೆಯಾಗಿ ಹಗುರವಾಗಿ ಉಜ್ಜಿ ತೊಳೆದರೆ ಸಿಲಿಂಡರ್ ಸಿದ್ಧ.

ಪೇಟೆಯಲ್ಲಿ ಅಗ್ಗದ ಸಿಲಿಂಡರ್-ಪಿಸ್ಟನ್ ಜೋಡಿಗಳು ಸಿಗುತ್ತವೆ. ಅವುಗಳಲ್ಲಿ ಕೆಲವು ಚೆನ್ನಾಗಿವೆ, ಕೆಲವುಗಳ ಕಿಂಡಿಯ ಅಂಚು ಚಾಕುವಿನಂತೆ ಹರಿತವಾಗಿದ್ದು ರಿಂಗನ್ನು ಹಿಡಿದು ಮುರಿಯುತ್ತವೆ. ಲೇಪನ ಗಟ್ಟಿಯಾಗಿರುವ ಮೂಲ ಸಿಲಿಂಡರನ್ನು ಶುಚಿಗೊಳಿಸಿ ಅದಕ್ಕೆ ಒಳ್ಳೆಯ ಪಿಸ್ಟನ್ ಹಾಕುವುದು, ಹೆಸರು ತಿಳಿಯದ ಹೊಸ ಜೋಡಿಗಿಂತ ಮೇಲು. ಕ್ರ್ಯಾಂಕಿನ ಕನೆಕ್ಟಿಂಗ್ ರಾಡ್ ಪಕ್ಕಕ್ಕೆ ತುಸು ಜರುಗುವುದು ಸಹಜ. ಮೇಲೆ ಕೆಳಗೆ ಅಲುಗಿದರೆ, ಅಥವಾ ಬೇರಿಂಗ್ ಕರಕರ ಎಂದರೆ ಖರ್ಚು ಕೈಮೀರುತ್ತದೆ. ಆಗ ಹಳೆಯ ಗರಗಸವನ್ನು ಬಿಡಿಭಾಗಗಳಿಗಾಗಿ ಇಟ್ಟುಕೊಂಡು ಹೊಸತನ್ನು ಕೊಳ್ಳುವುದೇ ಸರಿ.

ಮರುಜೋಡಣೆ

ಬಿಚ್ಚುವಾಗಲೂ ಜೋಡಿಸುವಾಗಲೂ ಕ್ರ್ಯಾಂಕ್ ಕೇಸಿನ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿರಬೇಕು. ಒಳಗೆ ಬಿದ್ದ ಒಂದು ಲಾಕ್ ಇಡೀ ಎಂಜಿನ್ನನ್ನು ಹಾಳುಮಾಡಬಲ್ಲದು. ಹಳೆಯ ಪಿಸ್ಟನ್ನಿನ ಚೂರುಗಳು ಕೆಳಗಿಳಿದಿದ್ದರೆ ಪೆಟ್ರೋಲಿನಿಂದ ಹಲವು ಬಾರಿ ತೊಳೆದು ಬಸಿಯಬೇಕು. ಕ್ಲಚ್ ಬಿಚ್ಚುವ ಸಲುವಾಗಿ ಪಿಸ್ಟನ್ ತಡೆಯಬೇಕಾದರೆ ಪ್ಲಗ್ಗಿನ ರಂಧ್ರದಿಂದ ಮೆತ್ತನೆಯ ಹಗ್ಗ ತುಂಬುವುದು ಕ್ಷೇಮ. ಸ್ಕ್ರೂಡ್ರೈವರ್ ತುರುಕಿದರೆ ಪಿಸ್ಟನ್ನಿನ ತಲೆಗೆ ತೂತು ಬೀಳುತ್ತದೆ. ಕ್ಲಚ್ಚಿನ ಮರೆ ಸಾಮಾನ್ಯವಾಗಿ ಎಡಮರೆ ಎಂಬುದನ್ನೂ ನೆನಪಿಡಬೇಕು.

ಪಿಸ್ಟನ್ನಿನ ತಲೆಯ ಮೇಲಿರುವ ಬಾಣದ ಗುರುತು ಹೊಗೆಕಿಂಡಿಯ ಕಡೆಗಿರಬೇಕು. ರಿಂಗಿನ ಎರಡು ತುದಿಗಳು ಗಾಡಿಯಲ್ಲಿರುವ ಪುಟ್ಟ ಮೊಳೆಯ ಎರಡು ಪಕ್ಕಗಳಲ್ಲಿ ಕೂರಬೇಕು. ತಪ್ಪಿ ಕುಳಿತರೆ ಸಿಲಿಂಡರ್ ಇಳಿಸುವಾಗಲೇ ರಿಂಗ್ ಮುರಿಯುತ್ತದೆ. ಪಿಸ್ಟನ್ ಪಿನ್ನಿನ ಲಾಕುಗಳು ಹೊಸವೇ ಆಗಿರಬೇಕು, ಅವುಗಳ ಬಾಯಿ ಪಿಸ್ಟನ್ ಓಡಾಡುವ ದಿಕ್ಕಿಗೆ, ಅಂದರೆ ನೇರ ಮೇಲಕ್ಕೋ ಕೆಳಕ್ಕೋ ಇರಬೇಕು. ಪಿಸ್ಟನ್ನಿಗೆ ಕೆಳಗಿನಿಂದ ಮರದ ತುಂಡಿನ ಆಸರೆ ಕೊಟ್ಟು, ಟೂ-ಸ್ಟ್ರೋಕ್ ಎಣ್ಣೆ ಸವರಿ, ರಿಂಗುಗಳನ್ನು ಬೆರಳಿನಿಂದ ಒತ್ತಿ ಹಿಡಿದು ಸಿಲಿಂಡರನ್ನು ತಿರುಚದೆ ನೇರವಾಗಿ ಇಳಿಸಬೇಕು. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಬೇಕು. ಇಷ್ಟಾದ ಮೇಲೆ ಸೋರಿಕೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡದೆ ಎಂಜಿನ್ ಚಾಲೂ ಮಾಡಕೂಡದು. ಬೇಸರದ ಕೆಲಸವೇ ಸರಿ. ಆದರೆ ಹೊಸ ಪಿಸ್ಟನ್ನಿನ ಆಯುಸ್ಸು ಈ ಹತ್ತು ನಿಮಿಷಗಳ ಮೇಲೆ ನಿಂತಿದೆ.

ಇಂಧನ ಮತ್ತು ಮೊದಲ ಗಂಟೆಗಳು

ಎಣ್ಣೆ ಮತ್ತು ಪೆಟ್ರೋಲಿನ ಪ್ರಮಾಣಕ್ಕೆ ತಯಾರಕರ ಕೈಪಿಡಿಯೇ ಪ್ರಮಾಣ. 50ಕ್ಕೆ 1 ಎಂದಿದ್ದರೆ ಒಂದು ಲೀಟರಿಗೆ 20 ಮಿಲಿಲೀಟರ್, 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರ್. ಇದನ್ನು ಅಳೆಯುವ ಲೋಟದಲ್ಲಿ ಅಳೆಯಬೇಕೇ ಹೊರತು ಕಣ್ಣಂದಾಜಿನಲ್ಲಿ ಸುರಿಯಬಾರದು. ಗಾಳಿಯಿಂದ ತಂಪಾಗುವ ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆಯೇ ಬೇಕು. ಕಾರಿನ ಎಂಜಿನ್ ಆಯಿಲ್ ಆಗಲಿ, ನೀರಿನಿಂದ ತಂಪಾಗುವ ಮೀನುಗಾರಿಕೆ ದೋಣಿಗಳ ಎಂಜಿನ್ನಿನ ಎಣ್ಣೆಯಾಗಲಿ ಇಲ್ಲಿ ಸಲ್ಲದು.

ಪೆಟ್ರೋಲಿನ ಸ್ವರೂಪವೂ ಈಚಿನ ವರ್ಷಗಳಲ್ಲಿ ಬದಲಾಗಿದೆ. ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟ ನಮ್ಮ ದೇಶದಲ್ಲಿ 2023ರಲ್ಲಿ ಆರಂಭವಾಗಿ, 2025ರಲ್ಲಿ ಆ ಪ್ರಮಾಣದ ಮಿಶ್ರಣದ ಗುರಿಯನ್ನು ದೇಶ ತಲುಪಿತು. ಆಮದು ಕಚ್ಚಾತೈಲದ ಹೊರೆ ಇಳಿಸುವ ದೃಷ್ಟಿಯಿಂದ ಇದು ಮಹತ್ವದ ಹೆಜ್ಜೆ. ಆದರೆ ಹಳೆಯ ಗರಗಸದ ಮಾಲೀಕರು ಎರಡು ವಿಷಯಗಳನ್ನು ಗಮನಿಸಬೇಕು. ಎಥೆನಾಲಿನಲ್ಲಿಯೇ ಆಮ್ಲಜನಕ ಇರುವುದರಿಂದ ಕಾರ್ಬ್ಯುರೇಟರಿನ ತಿರುಪನ್ನು ಮುಂಚಿನ ಸ್ಥಾನದಲ್ಲಿಯೇ ಬಿಟ್ಟರೆ ಮಿಶ್ರಣ ಮುಂಚಿಗಿಂತ ತೆಳುವಾಗುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರುವ ಕಾರಣ, ಮಳೆಗಾಲದಲ್ಲಿ ಬಹುಕಾಲ ಇಟ್ಟ ಇಂಧನದಲ್ಲಿ ನೀರು ಮತ್ತು ಎಥೆನಾಲ್ ಬೇರ್ಪಟ್ಟು ಡಬ್ಬಿಯ ತಳ ಸೇರಬಹುದು. ಹಳೆಯ ರಬ್ಬರ್ ನಳಿಕೆಗಳೂ ಗಟ್ಟಿಯಾಗಿ ಬಿರಿಯುತ್ತವೆ. ಕೈಪಿಡಿ ಅನುಮತಿಸುವ ಇಂಧನ ಯಾವುದೆಂದು ನೋಡಿಕೊಂಡು, ಒಂದು ತಿಂಗಳಲ್ಲಿ ಮುಗಿಯುವಷ್ಟನ್ನು ಮಾತ್ರ ಕಲಸಿಡುವುದು ಒಳ್ಳೆಯದು.

ಮೊದಲ ಎರಡು ಮೂರು ತೊಟ್ಟಿ ಇಂಧನ ಮುಗಿಯುವವರೆಗೆ ಗರಗಸವನ್ನು ಮರ ತಾಗಿಸದೆ ಪೂರ್ಣ ವೇಗದಲ್ಲಿ ಓಡಿಸಬಾರದು. ಕಾರ್ಬ್ಯುರೇಟರಿನ ಎಚ್ ಅಕ್ಷರದ ತಿರುಪನ್ನು ಎಡಕ್ಕೆ ತಿರುಗಿಸಿದರೆ ಮಿಶ್ರಣ ಗಾಢವಾಗುತ್ತದೆ. ಸರಿಯಾಗಿ ಹೊಂದಿಸಿದ ಗರಗಸ ಬರಿದೇ ಓಡುವಾಗ ತುಸು ಒಡೆದ ದನಿ ಹೊರಡಿಸಿ, ಮರಕ್ಕೆ ಒತ್ತಿದೊಡನೆ ದನಿ ತಿಳಿಯಾಗುತ್ತದೆ. ಕೆಲವು ಗಂಟೆಗಳ ಬಳಿಕ ಪ್ಲಗ್ ತೆಗೆದು ನೋಡಿದಾಗ ಅದರ ತುದಿ ಕಂದು ಬಣ್ಣಕ್ಕಿರಬೇಕು. ಬೆಳ್ಳಗಿದ್ದರೆ ಮಿಶ್ರಣ ಇನ್ನೂ ತೆಳು. ಸಿಲಿಂಡರಿನ ಬೋಲ್ಟುಗಳ ಬಿಗಿಯನ್ನು ಎಂಜಿನ್ ತಣಿದ ಮೇಲೆ ಒಮ್ಮೆ ಪರಿಶೀಲಿಸಬೇಕು.

ತುರ್ತು ಕೆಲಸಕ್ಕೆಂದು ಉಗ್ರಾಣದಲ್ಲಿ ಕಾದಿರುವ ಗರಗಸಗಳ ತೊಟ್ಟಿಯನ್ನು ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ನಿಧಾನವಾಗಿ ಓಡಿಸಿಯೇ ಇಡಬೇಕು. ತಿಂಗಳಿಗೊಮ್ಮೆ ಹೊಸದಾಗಿ ಕಲಸಿದ ಇಂಧನ ಹಾಕಿ ಕೆಲವು ನಿಮಿಷ ನಡೆಸಿ, ಮತ್ತೆ ಬರಿದು ಮಾಡಿ, ಕಲಸಿದ ದಿನಾಂಕವನ್ನು ಡಬ್ಬಿಯ ಮೇಲೆ ಬರೆದಿಡುವುದು ಕಷ್ಟದ ಕೆಲಸವೇನಲ್ಲ.